ಮೋಟಾರು ಪಂದ್ಯದ ಎರಡು ಬಾಗಿಲು

(ಚಿಕ್ಕಬಳ್ಳಾಪುರದಲ್ಲಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ದವಸದ ಬೆಲೆ, ಕೆರೆಗೆ ನೀರು ಇವೆಲ್ಲ ಇರುವಾಗ ಮೋಟಾರು ಪಂದ್ಯದ ಮಾತು ನಮಗೇಕೆ ಎಂದು ಸಭೆಗೆ ಮುಂಚೆ ಇಬ್ಬರು ಮೂವರು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೆ: ನಮ್ಮ ಮನೆಯ ಹುಡುಗರು ಈ ಮಾತನ್ನು ಆಗಲೇ ಆಡುತ್ತಿದ್ದಾರೆ. ಲಾರಿ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು, ಐ.ಟಿ.ಐ.ಯಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿರುವವನು, ಅಪ್ಪನ ಅಂಗಡಿಯ ಗಲ್ಲಾದ ಹಿಂದೆ ಕುಳಿತು ಮೊಬೈಲಿನಲ್ಲಿ ಫಾರ್ಮುಲಾ ಒನ್ ಪಂದ್ಯ ನೋಡುವವನು, ಇವರೆಲ್ಲರೂ ಅಲ್ಲಿಗೆ ಹೋಗುವ ದಾರಿ ಯಾವುದೆಂದು ಕೇಳುತ್ತಿದ್ದಾರೆ. "ಮನಸ್ಸಿದ್ದರೆ ಮಾರ್ಗ" ಎಂದು ಬೆನ್ನು ತಟ್ಟಿ ಕಳಿಸುವವರು ಕೆಲವರು. "ಅದೆಲ್ಲ ದೊಡ್ಡವರ ಆಟ, ಸುಮ್ಮನಿರು" ಎಂದು ಗದರಿಸುವವರು ಹಲವರು. ಇಬ್ಬರೂ ಹುಡುಗನಿಗೆ ಲೆಕ್ಕ ತೋರಿಸುವುದಿಲ್ಲ. ಈ ಸಂಜೆ ಆ ಲೆಕ್ಕವನ್ನು ನಿಮ್ಮ ಮುಂದೆ ಬಿಚ್ಚಿಡುವುದಷ್ಟೇ ನನ್ನ ಕೆಲಸ.

ಮೊದಲು ಪಂದ್ಯದ ಪರಿಚಯ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವೆಂಬ ಸಂಸ್ಥೆ 1904ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಫಾರ್ಮುಲಾ ಎಂದರೆ ಆ ಒಕ್ಕೂಟ ಹಾಕಿಕೊಟ್ಟ ಕಟ್ಟಳೆ. ಕಾರು ಇಷ್ಟೇ ತೂಕವಿರಬೇಕು, ಎಂಜಿನ್ನು ಹೀಗೆಯೇ ಇರಬೇಕು ಎಂಬ ನಿಬಂಧನೆ. ಈ ಕಟ್ಟಳೆಯ ಮೇಲೆ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಪಂದ್ಯ ನಡೆದದ್ದು 1950ರ ಮೇ 13ರಂದು, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಎಂಬಲ್ಲಿ, ಯುದ್ಧಕಾಲದ ವಿಮಾನ ನಿಲ್ದಾಣವೊಂದರ ನೆಲದ ಮೇಲೆ. ಆ ಪಂದ್ಯಕ್ಕೆ ಎರಡು ಬಾಗಿಲುಗಳಿವೆ. ಒಂದು ಚಾಲಕನದು, ಇನ್ನೊಂದು ಕಾರು ತಯಾರಿಸುವವನದು. ಎರಡಕ್ಕೂ ಬೇರೆ ಬೇರೆ ಬೀಗ, ಬೇರೆ ಬೇರೆ ಕೀಲಿಕೈ.

ಚಾಲಕನ ಬಾಗಿಲು

ಚಾಲಕ ಆಗಬೇಕಾದವನು ಏಳೆಂಟು ವರ್ಷದ ಹುಡುಗನಾಗಿರುವಾಗಲೇ ಗೋ-ಕಾರ್ಟ್ ಎಂಬ ಪುಟ್ಟ ಗಾಡಿಯಲ್ಲಿ ಕೂರುತ್ತಾನೆ. ಹದಿನೈದರ ಹೊತ್ತಿಗೆ ಫಾರ್ಮುಲಾ ಫೋರ್, ಅಲ್ಲಿಂದ ಫಾರ್ಮುಲಾ ತ್ರೀ, ಅಲ್ಲಿಂದ ಫಾರ್ಮುಲಾ ಟೂ. ನಮ್ಮ ಶಾಲೆಯಲ್ಲಿ ತರಗತಿ ದಾಟಿದ ಹಾಗೆ. ಕೊನೆಗೆ ಫಾರ್ಮುಲಾ ಒನ್ ಕಾರಿನಲ್ಲಿ ಕೂರಲು ಸೂಪರ್ ಲೈಸೆನ್ಸ್ ಎಂಬ ಪರವಾನಗಿ ಬೇಕು. ಅದಕ್ಕೆ ಸಾಮಾನ್ಯವಾಗಿ ಹದಿನೆಂಟು ವರ್ಷ ತುಂಬಿರಬೇಕು; ರಸ್ತೆಯಲ್ಲಿ ಕಾರು ಓಡಿಸುವ ಸಾಧಾರಣ ಲೈಸೆನ್ಸೂ ಇರಬೇಕು; ಮೂರು ಋತುಗಳಲ್ಲಿ ಒಟ್ಟು 40 ಅಂಕ ಗಳಿಸಿರಬೇಕು. ಫಾರ್ಮುಲಾ ಟೂನಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ ತಲಾ 40 ಅಂಕ, ಫಾರ್ಮುಲಾ ತ್ರೀಯಲ್ಲಿ ಗೆದ್ದವನಿಗೆ 30, ಫಾರ್ಮುಲಾ ಫೋರಿನಲ್ಲಿ ಗೆದ್ದವನಿಗೆ 12.

ಕೇಳುವುದಕ್ಕೆ ಇದು ಬಹಳ ನ್ಯಾಯವಾದ ಪದ್ಧತಿ. ಜಾತಿ ಕೇಳುವುದಿಲ್ಲ, ದೇಶ ಕೇಳುವುದಿಲ್ಲ, ಅಂಕವನ್ನಷ್ಟೇ ಕೇಳುತ್ತದೆ. ಆದರೆ ಅಂಕ ಗಳಿಸಲು ಪಂದ್ಯದಲ್ಲಿ ಓಡಬೇಕು. ಓಡಲು ಹಣ ಕಟ್ಟಬೇಕು. ಕೆಳಗಿನ ತರಗತಿಗಳಲ್ಲಿ ತಂಡ ಚಾಲಕನಿಗೆ ಸಂಬಳ ಕೊಡುವುದಿಲ್ಲ. ಚಾಲಕನ ಮನೆಯವರೇ ತಂಡಕ್ಕೆ ಹಣ ತೆರುತ್ತಾರೆ. ಮರ್ಸಿಡಿಸ್ ತಂಡದ ಮುಖ್ಯಸ್ಥ ಟೋಟೋ ವೋಲ್ಫ್ ಎಂಬಾತ ಕೆಲವು ವರ್ಷಗಳ ಹಿಂದೆಯೇ ಲೆಕ್ಕ ಹಾಕಿ, ಗೋ-ಕಾರ್ಟಿನಿಂದ ಫಾರ್ಮುಲಾ ಒನ್ ಬಾಗಿಲವರೆಗೆ ಒಬ್ಬ ಹುಡುಗನಿಗೆ ಸುಮಾರು 80 ಲಕ್ಷ ಯೂರೋ ಬೇಕಾಗುತ್ತದೆ ಎಂದಿದ್ದ. ಇಂದಿನ ವಿನಿಮಯದಲ್ಲಿ ಅದು ಎಪ್ಪತ್ತು ಕೋಟಿ ರೂಪಾಯಿಗೂ ಮೇಲೆ. ನಮ್ಮ ತಾಲ್ಲೂಕಿನಲ್ಲಿ ಎರಡೆಕರೆ ಹಿಪ್ಪುನೇರಳೆ ತೋಟ ಮಾರಿದರೆ ಈ ಲೆಕ್ಕದ ಯಾವ ಮೂಲೆಗೆ ಸಾಕಾದೀತೆಂದು ನೀವೇ ಯೋಚಿಸಿ.

ಇದಕ್ಕೆ ಬೆಂಗಳೂರಿನದೇ ಒಂದು ನಿದರ್ಶನವಿದೆ. ಅರ್ಜುನ್ ಮೈನಿ ಎಂಬ ಹುಡುಗ 2011ರಲ್ಲಿ, ಫೋರ್ಸ್ ಇಂಡಿಯಾ ತಂಡ ಭಾರತದ ಎಳೆಯ ಚಾಲಕರಿಗಾಗಿ ನಡೆಸಿದ ಹುಡುಕಾಟದಲ್ಲಿ ಆಯ್ಕೆಯಾದ. ಮೈನಿ ಮನೆತನ ಬೆಂಗಳೂರಿನಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಉದ್ಯಮದವರು. ರೇವಾ ಎಂಬ ವಿದ್ಯುತ್ ಕಾರನ್ನು 2001ರಲ್ಲಿ ಬೀದಿಗಿಳಿಸಿದ ಚೇತನ್ ಮೈನಿ ಅದೇ ಮನೆಯವರು. ಅಂದರೆ ದಾರಿಖರ್ಚಿಗೆ ಮನೆಯಲ್ಲಿ ಗತಿಯಿತ್ತು. 2014ರಲ್ಲಿ ಅರ್ಜುನ್ ಬ್ರಿಟನ್ನಿನ ಫಾರ್ಮುಲಾ ಫೋರ್ ಪಂದ್ಯಾವಳಿಯಲ್ಲಿ ಕೊನೆಯ ಪಂದ್ಯದವರೆಗೂ ಪ್ರಶಸ್ತಿಗಾಗಿ ಹೋರಾಡಿ ಎರಡನೆಯವನಾದ. ಮೊದಲನೆಯವನಾದವನು ಜಾರ್ಜ್ ರಸೆಲ್.

ನಾಲ್ಕು ವರ್ಷ ಕಳೆದು, 2018ರಲ್ಲಿ, ಇಬ್ಬರೂ ಮತ್ತೆ ಒಂದೇ ಸಾಲಿನಲ್ಲಿ ನಿಂತರು, ಫಾರ್ಮುಲಾ ಟೂನಲ್ಲಿ. ಅಷ್ಟರೊಳಗೆ ರಸೆಲ್‌ಗೆ ಮರ್ಸಿಡಿಸ್ ಕಂಪನಿಯ ಆಶ್ರಯ ಸಿಕ್ಕಿತ್ತು. ಕೂರಲು ಬಲವಾದ ತಂಡದ ಕಾರಿತ್ತು. ಮೈನಿ ಕೂತದ್ದು ಹಿಂದಿನ ಸಾಲಿನ ತಂಡವೊಂದರ ಕಾರಿನಲ್ಲಿ. ರಸೆಲ್ ಆ ವರ್ಷ ಪ್ರಶಸ್ತಿ ಗೆದ್ದು 2019ರಲ್ಲಿ ಫಾರ್ಮುಲಾ ಒನ್ ಸೇರಿದ. ಮೈನಿ ಫಾರ್ಮುಲಾ ಒನ್ ಪಂದ್ಯದಲ್ಲಿ ಓಡಲಿಲ್ಲ. ಜರ್ಮನಿಯ ಕಾರು ಪಂದ್ಯಗಳಲ್ಲಿ ಬೇರೆ ಬದುಕು ಕಟ್ಟಿಕೊಂಡ. ಇಬ್ಬರ ಪ್ರತಿಭೆಯಲ್ಲಿ ವ್ಯತ್ಯಾಸವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಒಂದೇ ಪಂದ್ಯಾವಳಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ಓಡಿದ ಇಬ್ಬರಲ್ಲಿ ಒಬ್ಬನನ್ನು ಕಾರು ತಯಾರಿಸುವ ಕಂಪನಿ ಕೈಹಿಡಿಯಿತು, ಇನ್ನೊಬ್ಬನ ದೇಶದಲ್ಲಿ ಹಾಗೆ ಕೈಹಿಡಿಯುವ ಕಂಪನಿ ಇರಲಿಲ್ಲ. ಈ ವಿಷಯವನ್ನು ನೆನಪಿಡಿ.

ಅವನ ತಮ್ಮ ಕುಶ್ ಮೈನಿ ಇನ್ನೂ ಹತ್ತಿರ ಹೋದ. 2025ರಲ್ಲಿ ಫ್ರಾನ್ಸಿನ ಆಲ್ಪೈನ್ ತಂಡದ ಪರೀಕ್ಷಾ ಹಾಗೂ ಮೀಸಲು ಚಾಲಕನಾಗಿದ್ದ. ಆ ವರ್ಷದ ಮೇ ತಿಂಗಳಲ್ಲಿ ಮೊನಾಕೋದ ಕಿರಿದಾದ ಬೀದಿಗಳಲ್ಲಿ ಫಾರ್ಮುಲಾ ಟೂನ ಸ್ಪ್ರಿಂಟ್ ಪಂದ್ಯ ಗೆದ್ದ. ಭಾರತೀಯನೊಬ್ಬ ಅಲ್ಲಿ ಗೆದ್ದದ್ದು ಅದೇ ಮೊದಲು. ಬೆಂಗಳೂರಿನ ಹುಡುಗನ ಈ ಗೆಲುವು ನಮಗೂ ಸಂತೋಷವೇ. ಆದರೆ ಫಾರ್ಮುಲಾ ಒನ್ ಪಂದ್ಯದಲ್ಲಿ ನಿಜವಾಗಿ ಓಡಿದ ಭಾರತೀಯರು, 2025ರ ಋತು ಮುಗಿಯುವವರೆಗೆ, ಇಬ್ಬರೇ. 2005ರಲ್ಲಿ ಜೋರ್ಡನ್ ತಂಡಕ್ಕೆ ಟಾಟಾ ಕಂಪನಿಯ ಪ್ರಾಯೋಜಕತ್ವದ ಹಣ ಹೊತ್ತು ಹೋದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಒಬ್ಬರು. 2010ರಲ್ಲಿ ಓಡಿದ ಚೆನ್ನೈನ ಕರುಣ್ ಚಂದೋಕ್ ಇನ್ನೊಬ್ಬರು.

ಬಡವರ ಮನೆಯಿಂದ ಯಾರೂ ಹೋಗಿಲ್ಲವೇ ಎಂದು ನೀವು ಕೇಳಬಹುದು. ಹೋಗಿದ್ದಾರೆ. ಏಳು ಸಲ ವಿಶ್ವ ಚಾಂಪಿಯನ್ ಆದ ಲೂಯಿಸ್ ಹ್ಯಾಮಿಲ್ಟನ್‌ನ ತಂದೆ ಮಗನ ಗೋ-ಕಾರ್ಟಿಗಾಗಿ ಒಂದೇ ಕಾಲಕ್ಕೆ ಎರಡು ಮೂರು ಕೆಲಸ ಮಾಡುತ್ತಿದ್ದರು. ಆದರೆ 1998ರಲ್ಲಿ, ಹುಡುಗನಿಗೆ ಹದಿಮೂರು ವರ್ಷವಾಗಿದ್ದಾಗ, ಮೆಕ್‌ಲಾರೆನ್ ಕಂಪನಿ ಅವನ ಖರ್ಚನ್ನು ವಹಿಸಿಕೊಂಡಿತು. ಅಪ್ಪನ ಬೆವರು ಹುಡುಗನನ್ನು ಕಂಪನಿಯ ಕಣ್ಣಿಗೆ ಬೀಳಿಸಿತು. ಅಲ್ಲಿಂದ ಮುಂದೆ ಎಳೆದದ್ದು ಕಂಪನಿ. ಆಸ್ಟ್ರಿಯಾದ ನಿಕಿ ಲೌಡಾನ ಕಥೆಯೂ ಉಂಟು. ಮನೆಯವರು ಹಣ ಕೊಡದಿದ್ದಾಗ ತನ್ನ ಜೀವವಿಮೆಯನ್ನೇ ಆಧಾರವಿಟ್ಟು ಬ್ಯಾಂಕಿನಿಂದ ಸಾಲ ತೆಗೆದು 1970ರ ದಶಕದ ಆರಂಭದಲ್ಲಿ ತಂಡದಲ್ಲಿ ಜಾಗ ಕೊಂಡ. ಮುಂದೆ ಮೂರು ಸಲ ಚಾಂಪಿಯನ್ ಆದ. ಈ ಕಥೆಯನ್ನು ಹುಡುಗರಿಗೆ ಹೇಳುವಾಗ ಎಚ್ಚರವಿರಲಿ. ಹಾಗೆ ಸಾಲ ಮಾಡಿ ಗೆದ್ದವನ ಹೆಸರು ಪುಸ್ತಕದಲ್ಲಿ ಬರುತ್ತದೆ. ಸಾಲ ಮಾಡಿ ಸೋತವನ ಹೆಸರು ಬ್ಯಾಂಕಿನ ಕಡತದಲ್ಲಿ ಮಾತ್ರ ಉಳಿಯುತ್ತದೆ.

ತಯಾರಕನ ಬಾಗಿಲು

ಇನ್ನು ಕಾರು ಮಾಡುವವನ ಬಾಗಿಲಿಗೆ ಬರೋಣ. ಒಂದು ಕಾಲದಲ್ಲಿ ಇದು ಗ್ಯಾರೇಜಿನವರಿಗೂ ತೆರೆದಿತ್ತು. 1952ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಯುವಕ ಲಂಡನ್ನಿನಲ್ಲಿ ಒಂದು ಹೋಟೆಲಿನ ಹಿಂದಿನ ಕುದುರೆ ಲಾಯದಲ್ಲಿ, ತನ್ನನ್ನು ಮದುವೆಯಾಗಲಿದ್ದ ಹುಡುಗಿಯಿಂದ ಕೈಸಾಲ ಪಡೆದು, ಲೋಟಸ್ ಎಂಬ ಕಾರಿನ ಕೆಲಸ ಶುರುಮಾಡಿದ. ಹತ್ತು ಹನ್ನೊಂದು ವರ್ಷಗಳಲ್ಲಿ, 1963ರಲ್ಲಿ, ಅವನ ಕಾರು ವಿಶ್ವ ಪ್ರಶಸ್ತಿ ಗೆದ್ದಿತು. 1967ರಲ್ಲಿ ಫೋರ್ಡ್ ಕಂಪನಿ ಒಂದು ಲಕ್ಷ ಪೌಂಡು ಹಾಕಿ ಕಾಸ್‌ವರ್ತ್ ಎಂಬ ಸಣ್ಣ ಕಾರ್ಖಾನೆಯಿಂದ ಒಂದು ಎಂಜಿನ್ನು ಮಾಡಿಸಿತು. ಮರುವರ್ಷದಿಂದ ಅದನ್ನು ಸುಮಾರು 7,500 ಪೌಂಡಿಗೆ ಬೇರೆ ತಂಡಗಳೂ ಕೊಳ್ಳಬಹುದಾಗಿತ್ತು. ಎಂಜಿನ್ನು ಒಂದು ಕಡೆ, ಗೇರ್‌ಬಾಕ್ಸು ಇನ್ನೊಂದು ಕಡೆ ಕೊಂಡು, ಚಾಸಿಯನ್ನು ತಾವೇ ಕಟ್ಟಿ ಎಷ್ಟೋ ಸಣ್ಣ ತಂಡಗಳು ಪಂದ್ಯಕ್ಕಿಳಿದವು. ಆ ಒಂದು ಎಂಜಿನ್ನು 1983ರವರೆಗೆ 155 ಪಂದ್ಯ ಗೆದ್ದಿತು. ಕೈಕೆಲಸ ಬಲ್ಲ ಸಣ್ಣ ಗುಂಪು, ಎಲ್ಲರಿಗೂ ದೊರಕುವ ಒಳ್ಳೆಯ ಯಂತ್ರ, ಇವೆರಡು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಆ ಬಾಗಿಲು ಹಾಗಿಲ್ಲ. ನಮ್ಮ ಪೇಟೆಬೀದಿಯಲ್ಲಿ ಹೊಸದಾಗಿ ಅಂಗಡಿ ಹಿಡಿಯುವವನು ಬಾಡಿಗೆಯಲ್ಲದೆ ಗುಡ್‌ವಿಲ್ ಎಂದು ಒಂದು ಗಂಟು ಕೊಡಬೇಕಾಗುತ್ತದೆ, ವರ್ತಕ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಫಾರ್ಮುಲಾ ಒನ್ ಪೇಟೆಯಲ್ಲೂ ಅದೇ ಪದ್ಧತಿ. ಹೊಸ ತಂಡ ಬಂದರೆ ಬಹುಮಾನದ ಹಣದಲ್ಲಿ ಹಳಬರ ಪಾಲು ಕಡಿಮೆಯಾಗುತ್ತದೆ. ಅದಕ್ಕೆ ಪರಿಹಾರವಾಗಿ ಹೊಸಬನು 20 ಕೋಟಿ ಡಾಲರು ತಂದು ಇದ್ದ ಹತ್ತು ತಂಡಗಳಿಗೆ ಹಂಚಬೇಕೆಂದು 2021ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಬರೆದರು. ಅಮೆರಿಕದ ಆಂಡ್ರೆಟ್ಟಿ ತಂಡಕ್ಕೆ 2023ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಗೆ ಕೊಟ್ಟಿತು. ಆದರೆ ಪಂದ್ಯದ ವ್ಯಾಪಾರ ನಡೆಸುವ ಕಂಪನಿ 2024ರ ಜನವರಿಯಲ್ಲಿ ಬೇಡವೆಂದಿತು. ಅದೇ ಯೋಜನೆಯ ಮುಂದೆ ಜನರಲ್ ಮೋಟಾರ್ಸ್ ಎಂಬ ಭಾರಿ ಕಾರ್ಖಾನೆ ಬಂದು ನಿಂತು, ಕ್ಯಾಡಿಲಾಕ್ ಎಂಬ ಹೆಸರಿಟ್ಟು, ಮುಂದೆ ಎಂಜಿನ್ನನ್ನೂ ತಾನೇ ಮಾಡುತ್ತೇನೆ ಎಂದಾಗ 2025ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು. 2026ರ ಋತುವಿಗೆ ಅದು ಹನ್ನೊಂದನೆಯ ತಂಡ. ತೆತ್ತ ಪ್ರವೇಶಧನ ಸುಮಾರು 45 ಕೋಟಿ ಡಾಲರೆಂದು ಪತ್ರಿಕೆಗಳು ವರದಿ ಮಾಡಿದವು.

ಎರಡನೆಯ ದಾರಿ, ಇರುವ ಅಂಗಡಿಯನ್ನೇ ಕೊಳ್ಳುವುದು. ಜರ್ಮನಿಯ ಆಡಿ ಕಂಪನಿ 2026ಕ್ಕೆ ಬಂದದ್ದು ಹೀಗೆಯೇ, ಸ್ವಿಟ್ಜರ್ಲೆಂಡಿನ ಸೌಬರ್ ತಂಡವನ್ನು ಕೊಂಡು. ಮೂರನೆಯ ದಾರಿ, ಬೇರೆಯವರ ಕಾರಿಗೆ ಎಂಜಿನ್ನು ಮಾತ್ರ ಕೊಡುವುದು. ಹೋಂಡಾ ಹೀಗೆ ಒಂದು ತಂಡದೊಡನೆ, ಫೋರ್ಡ್ ಇನ್ನೊಂದು ತಂಡದೊಡನೆ ಕೂಡಿಕೊಂಡಿವೆ. 2026ರ ಕಟ್ಟಳೆಯಲ್ಲಿ ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ವಿದ್ಯುತ್ತಿನದು. ರಸ್ತೆಯ ಕಾರು ಎತ್ತ ಹೋಗುತ್ತಿದೆಯೋ ಪಂದ್ಯದ ಕಾರೂ ಅತ್ತ ತಿರುಗಿರುವುದೇ ಈ ಕಂಪನಿಗಳು ಮರಳಿ ಬರಲು ಒಂದು ಕಾರಣ.

ಹಾಗಾದರೆ ಹಣವೊಂದಿದ್ದರೆ ಸಾಕೇ? ಸಾಲದು. ನಮ್ಮ ಬಿಡದಿಯಲ್ಲಿ ಕಾರು ಮಾಡುವ ಟೊಯೋಟ ಕಂಪನಿಯನ್ನೇ ನೋಡಿ. ಅದು 2002ರಿಂದ 2009ರವರೆಗೆ, ಎಂಟು ಋತು, ಜರ್ಮನಿಯ ಕಲೋನಿನಲ್ಲಿ ಭಾರಿ ಕಾರ್ಖಾನೆ ಹಾಕಿ ಫಾರ್ಮುಲಾ ಒನ್ನಿನಲ್ಲಿ ಓಡಿತು. ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಅದೇ ಕಾಲದಲ್ಲಿ ಹೋಂಡಾ ಕಂಪನಿ 2008ರ ಡಿಸೆಂಬರಿನಲ್ಲಿ ಬೇಸತ್ತು ಅಂಗಡಿ ಮುಚ್ಚಿತು. ತನ್ನ ತಂಡವನ್ನು ಅದರ ಮೇಲ್ವಿಚಾರಕನಾಗಿದ್ದ ರಾಸ್ ಬ್ರಾನ್‌ಗೆ ಹೆಸರಿಗೆ ಒಂದು ಪೌಂಡು ಪಡೆದು ಬಿಟ್ಟುಕೊಟ್ಟಿತು. ಅದೇ ಬ್ರಾಕ್ಲಿ ಊರಿನ ಕಾರ್ಖಾನೆ, ಅದೇ ಕೆಲಸಗಾರರು. 2009ರಲ್ಲಿ ಆ ತಂಡ ವಿಶ್ವ ಪ್ರಶಸ್ತಿ ಗೆದ್ದಿತು! ಅದೇ ವರ್ಷದ ಕೊನೆಯಲ್ಲಿ ಮರ್ಸಿಡಿಸ್ ಅದನ್ನು ಕೊಂಡಿತು. 2014ರಿಂದ 2021ರವರೆಗೆ ಸತತ ಎಂಟು ವರ್ಷ ತಯಾರಕರ ಪ್ರಶಸ್ತಿ ಅದೇ ಕಾರ್ಖಾನೆಗೆ ಬಂತು.

ಬೆಂಗಳೂರಿನ ಯಜಮಾನ, ಸಿಲ್ವರ್‌ಸ್ಟೋನಿನ ಕೆಲಸಗಾರ

ಈಗ ನಮ್ಮ ನಾಡಿನ ಕಥೆಗೆ ಬರುತ್ತೇನೆ. ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯ 2007ರಲ್ಲಿ, ಒಬ್ಬ ಡಚ್ ಪಾಲುದಾರನೊಡನೆ ಸೇರಿ, 8 ಕೋಟಿ 80 ಲಕ್ಷ ಯೂರೋ ಕೊಟ್ಟು ಸ್ಪೈಕರ್ ಎಂಬ ತಂಡವನ್ನು ಕೊಂಡರು. ಅದಕ್ಕೆ ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. 2009ರಿಂದ ಕಾರಿನ ಮೇಲೆ ನಮ್ಮ ತ್ರಿವರ್ಣ ಬಂತು. ದೇಶವೇ ಫಾರ್ಮುಲಾ ಒನ್ ಸೇರಿತೆಂದು ಪತ್ರಿಕೆಗಳು ಬರೆದವು.

ಆ ಕಾರು ಎಲ್ಲಿ ತಯಾರಾಗುತ್ತಿತ್ತು? ಸಿಲ್ವರ್‌ಸ್ಟೋನಿನಲ್ಲಿ. ಎಂಜಿನ್ನು ಮೊದಲ ವರ್ಷ ಇಟಲಿಯ ಫೆರಾರಿಯದು, ಆಮೇಲೆ ಮರ್ಸಿಡಿಸಿನದು. ಚಾಲಕರು? ಹತ್ತು ವರ್ಷಕ್ಕೂ ಮೇಲ್ಪಟ್ಟು ನಡೆದ ಆ ತಂಡದಲ್ಲಿ ಇಟಲಿಯವರು, ಜರ್ಮನರು, ಸ್ಕಾಟ್‌ಲೆಂಡಿನವರು, ಮೆಕ್ಸಿಕೋದವರು, ಫ್ರೆಂಚರು ಓಡಿದರು. ಒಬ್ಬನೇ ಒಬ್ಬ ಭಾರತೀಯನೂ ಪಂದ್ಯದಲ್ಲಿ ಓಡಲಿಲ್ಲ. ಇನ್ನೊಂದು ವಿಷಯ ಕೇಳಿ. ಅದೇ ಕಾರ್ಖಾನೆ 1991ರಲ್ಲಿ ಜೋರ್ಡನ್ ಎಂಬ ಹೆಸರಿನಲ್ಲಿ ಪಂದ್ಯಕ್ಕಿಳಿದದ್ದು. 2005ರಲ್ಲಿ ಕಾರ್ತಿಕೇಯನ್ ಓಡಿಸಿದ್ದು ಅದರ ಕಾರನ್ನೇ. ಅಂದರೆ ತಂಡಕ್ಕೆ ಭಾರತದ ಹೆಸರಿಲ್ಲದಿದ್ದಾಗ ಅದರಲ್ಲಿ ಭಾರತೀಯ ಚಾಲಕನಿದ್ದ. ಭಾರತದ ಹೆಸರು ಬಂದ ಮೇಲೆ ಭಾರತೀಯ ಚಾಲಕನಿರಲಿಲ್ಲ.

ಕೆಲಸಗಾರರ ಶ್ರಮವನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ. 2009ರಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ ಅವರ ಕಾರು ಮೊದಲ ಸಾಲಿನಲ್ಲಿ ಮೊದಲು ನಿಂತು ಎರಡನೆಯದಾಗಿ ಬಂತು. 2016 ಮತ್ತು 2017ರಲ್ಲಿ, ತಮಗಿಂತ ಬಹಳ ಹೆಚ್ಚು ಹಣವಿದ್ದ ತಂಡಗಳನ್ನು ಹಿಂದೆ ಹಾಕಿ, ನಾಲ್ಕನೆಯ ಸ್ಥಾನ ಪಡೆದರು.

ಇತ್ತ ಊರಿನಲ್ಲಿ ಏನಾಯಿತು? ಅದೇ ಯಜಮಾನರ ಕಿಂಗ್‌ಫಿಷರ್ ವಿಮಾನ ಕಂಪನಿ ತಿಂಗಳುಗಟ್ಟಲೆ ಸಂಬಳ ಕೊಡಲಾರದೆ ಹೋಯಿತು. ಕೆಲಸಗಾರರು ಮುಷ್ಕರ ಹೂಡಿದರು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು, ಮತ್ತೆ ಏಳಲಿಲ್ಲ. ಪಂದ್ಯದ ಕಾರು ಮಾತ್ರ ಓಡುತ್ತಲೇ ಇತ್ತು. ಸರ್ಕಾರಿ ಬ್ಯಾಂಕುಗಳ ಸಾಲ ಬಡ್ಡಿ ಸೇರಿ 9,000 ಕೋಟಿ ರೂಪಾಯಿ ದಾಟಿತು. 2016ರ ಮಾರ್ಚಿನಲ್ಲಿ ಮಲ್ಯ ದೇಶ ಬಿಟ್ಟು ಇಂಗ್ಲೆಂಡಿಗೆ ಹೋದರು.

2018ರ ಜುಲೈಯಲ್ಲಿ ಸಾಲದ ಸುಳಿ ಪಂದ್ಯದ ತಂಡಕ್ಕೂ ಬಂತು. ಆಗ ನಡೆದದ್ದನ್ನು ಗಿರಣಿ ಮಿತ್ರರು ಗಮನವಿಟ್ಟು ಕೇಳಬೇಕು. ತನಗೆ ಬರಬೇಕಾಗಿದ್ದ ಬಾಕಿಗಾಗಿ ತಂಡದ ಚಾಲಕ ಸೆರ್ಜಿಯೋ ಪೆರೆಜ್ ಲಂಡನ್ನಿನ ನ್ಯಾಯಾಲಯಕ್ಕೆ ಹೋದ. ತಂಡವನ್ನೂ ನಾನ್ನೂರು ಜನರ ಕೆಲಸವನ್ನೂ ಉಳಿಸಲು ಬೇರೆ ದಾರಿಯಿರಲಿಲ್ಲ ಎಂದು ಆಮೇಲೆ ಹೇಳಿದ. ನ್ಯಾಯಾಲಯ ಆಡಳಿತಗಾರರನ್ನು ನೇಮಿಸಿತು. ಆಗಸ್ಟಿನಲ್ಲಿ ಕೆನಡಾದ ಲಾರೆನ್ಸ್ ಸ್ಟ್ರೋಲ್ ಎಂಬ ಸಾಹುಕಾರನ ಗುಂಪು ತಂಡವನ್ನು ಕೊಂಡಿತು. 405 ಜನರ ಕೆಲಸವೂ ಉಳಿಯಿತು. 2021ರಿಂದ ಆ ತಂಡದ ಹೆಸರು ಆಸ್ಟನ್ ಮಾರ್ಟಿನ್.

ಜೋರ್ಡನ್, ಮಿಡ್‌ಲೆಂಡ್, ಸ್ಪೈಕರ್, ಫೋರ್ಸ್ ಇಂಡಿಯಾ, ರೇಸಿಂಗ್ ಪಾಯಿಂಟ್, ಆಸ್ಟನ್ ಮಾರ್ಟಿನ್: ಒಂದೇ ಕೆಲಸದ ನೆಲೆಗೆ ಆರು ಹೆಸರು. ಯಜಮಾನರು ಬಂದರು, ಹೋದರು. ಕಸುಬು ಬಲ್ಲ ಕೈಗಳು ಉಳಿದವು, ಆದ್ದರಿಂದ ಕೊಳ್ಳುವವನೂ ಸಿಕ್ಕಿದ. ನಮ್ಮ ಪಾಲಿಗೆ ಉಳಿದದ್ದು ಹಳೆಯ ಪಂದ್ಯಗಳ ಚಿತ್ರ. ಕಾರಿಗೆ ದೇಶದ ಹೆಸರಿಟ್ಟ ಮಾತ್ರಕ್ಕೆ ದೇಶ ಆ ಪಂದ್ಯದೊಳಕ್ಕೆ ಹೋಗುವುದಿಲ್ಲವೆಂಬುದು ಈ ಹತ್ತು ವರ್ಷಗಳ ಪಾಠ.

ಮುದ್ದೇನಹಳ್ಳಿಯ ಮಾತು

ಇದನ್ನು ಎಲ್ಲರಿಗಿಂತ ಮೊದಲು ಕಂಡವರು ನಮ್ಮವರೇ. ಇಲ್ಲಿಗೆ ಕೂಗಳತೆಯಲ್ಲಿರುವ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು, ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲಿ ಕಾರು ತಯಾರಿಸುವ ಯೋಜನೆಯನ್ನು ಅಂಕಿ ಅಂಶ ಸಹಿತ ಬರೆದು ಮುಂದಿಟ್ಟರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಬ್ರಿಟಿಷರ ಭಾರತ ಸರ್ಕಾರ ಒತ್ತಾಸೆ ಕೊಡಲಿಲ್ಲ. ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದರ ವಿಮಾನ ಕಾರ್ಖಾನೆ 1940ರಲ್ಲಿ ಬೆಂಗಳೂರಿಗೆ ಬಂತು. ಕಾರಿನ ಕಾರ್ಖಾನೆ ಬರಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು.

ವಿಮಾನದ ಕಾರ್ಖಾನೆ ಬಂದದ್ದರಿಂದ ಬೆಂಗಳೂರಿನಲ್ಲಿ ನುರಿತ ಕೆಲಸಗಾರರ ಒಂದು ಪೀಳಿಗೆಯೇ ಬೆಳೆಯಿತು. ಕಾರಿನ ಕಾರ್ಖಾನೆಯೂ ಅದೇ ಕಾಲದಲ್ಲಿ ಬಂದಿದ್ದರೆ ಇನ್ನೊಂದು ಪೀಳಿಗೆ ಬೆಳೆಯುತ್ತಿತ್ತು. ಯಂತ್ರ ತಯಾರಾಗುವ ಕಡೆಯಲ್ಲೇ ಅದನ್ನು ಪಂದ್ಯದಲ್ಲಿ ಪರೀಕ್ಷಿಸುವವನೂ ಹುಟ್ಟುತ್ತಾನೆ. ಇದು ಬರಿಯ ಊಹೆಯಲ್ಲ. ನಮ್ಮ ಗಡಿಯಾಚೆ, ಕನ್ನಡ ಮಾತಾಡುವ ಮನೆಗಳು ಎಷ್ಟೋ ಇರುವ ಹೊಸೂರಿನಲ್ಲಿ ಟಿ.ವಿ.ಎಸ್. ಕಾರ್ಖಾನೆಯವರು 1982ರಿಂದ ಪಂದ್ಯದ ವಿಭಾಗ ನಡೆಸುತ್ತಿದ್ದಾರೆ. ಉಡುಪಿಯ ಕೆ.ಪಿ. ಅರವಿಂದ್ ಆ ಕಾರ್ಖಾನೆಯ ಸವಾರನಾಗಿಯೇ 2019ರಲ್ಲಿ ಡಕಾರ್ ಎಂಬ ಜಗತ್ತಿನ ಕಠಿಣ ಮರಳುಗಾಡಿನ ಪಂದ್ಯವನ್ನು ಕೊನೆ ಮುಟ್ಟಿಸಿದರು. ಅವರಿಗಿಂತ ಮೊದಲು, 2015ರಲ್ಲಿ, ಅದನ್ನು ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, ಮುಂದೆ ಅವರನ್ನೂ ಹೀರೋ ಎಂಬ ನಮ್ಮ ದೇಶದ ಮೋಟಾರು ಸೈಕಲ್ ಕಂಪನಿ ತನ್ನ ತಂಡಕ್ಕೆ ಕರೆದುಕೊಂಡಿತು. ದ್ವಿಚಕ್ರ ವಾಹನ ನಾವು ತಯಾರಿಸುತ್ತೇವೆ, ಆದ್ದರಿಂದ ಅದರ ಸವಾರನಿಗೆ ಬಾಗಿಲು ತೆರೆಯಿತು. ಕಾರಿನಲ್ಲೂ ಒಂದು ಸಣ್ಣ ಕಿಟಕಿ ತೆರೆದಿದೆ. ಮಹೀಂದ್ರ ಕಂಪನಿ 2010ರಲ್ಲಿ ಬೆಂಗಳೂರಿನ ರೇವಾ ಕಂಪನಿಯ ಹೆಚ್ಚಿನ ಪಾಲು ಕೊಂಡಿತು. 2014ರಲ್ಲಿ ಫಾರ್ಮುಲಾ ಇ ಎಂಬ ವಿದ್ಯುತ್ ಕಾರುಗಳ ವಿಶ್ವ ಪಂದ್ಯಕ್ಕೆ ಮೊದಲ ಋತುವಿನಲ್ಲೇ ಇಳಿಯಿತು. 2017ರಲ್ಲಿ ಬರ್ಲಿನ್ನಿನಲ್ಲಿ ಮೊದಲ ಗೆಲುವು ಕಂಡಿತು.

ನಮ್ಮ ಹುಡುಗರಿಗೆ ಏನು ಹೇಳೋಣ?

ಲೆಕ್ಕ ಮುಂದಿದೆ. ಇನ್ನು ಮಾಡಬೇಕಾದ್ದನ್ನು ಮೂರು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು ತಂದೆತಾಯಿಗಳಿಗೆ. ಚಾಲಕನ ಬಾಗಿಲಿಗಾಗಿ ಹೊಲ ಮನೆ ಅಡವಿಡಬೇಡಿ. ಹುಡುಗನಿಗೆ ಆಸೆಯಿದ್ದರೆ ಗೋ-ಕಾರ್ಟ್ ಓಡಿಸಲಿ, ಸಂತೋಷಪಡಲಿ. ದೇಶದ ಮೋಟಾರು ಕ್ರೀಡಾ ಒಕ್ಕೂಟದ ಲೈಸೆನ್ಸು ಪಡೆದು, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲೋ ಕೊಯಮತ್ತೂರಿನ ಕರಿ ಪಂದ್ಯಪಥದಲ್ಲೋ ಸರಿಯಾದ ಟ್ರ್ಯಾಕಿನ ಮೇಲೆ ತನ್ನ ಅಳತೆ ನೋಡಿಕೊಳ್ಳಲಿ. ಕಾರು ಕಂಪನಿಯೊಂದು ಖರ್ಚು ವಹಿಸಿಕೊಂಡು ಕೈಹಿಡಿದರೆ ಮುಂದೆ ಹೋಗಲಿ. ನಂದಿ ಬೆಟ್ಟದ ತಿರುವುಗಳಲ್ಲಿ, ಹಾಲಿನ ಗಾಡಿ, ಹೂವಿನ ಟೆಂಪೋ ಓಡಾಡುವ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮಾತ್ರ ಕೂಡದು. ಅಲ್ಲಿ ಅಂಕ ಕೊಡುವವರಿಲ್ಲ. ಹೋಗುವುದು ಅವನದೋ ದಾರಿಹೋಕನದೋ ಪ್ರಾಣ.

ಎರಡನೆಯದು ಹುಡುಗರಿಗೆ. ತಯಾರಕನ ಬಾಗಿಲಿನ ಪಕ್ಕದಲ್ಲಿ ಕೆಲಸಗಾರನದೊಂದು ಬಾಗಿಲಿದೆ. ಅದು ಸಾಹುಕಾರನ ಮಗನಿಗೆಂದು ಅಗಲವಾಗುವುದಿಲ್ಲ, ಕೂಲಿಯವನ ಮಗನಿಗೆಂದು ಕಿರಿದಾಗುವುದಿಲ್ಲ. ಇಬ್ಬರು ಚಾಲಕರ ಹಿಂದೆ ನೂರಾರು ಜನ ಇರುತ್ತಾರೆ: ಲೋಹ ಕಡೆಯುವವರು, ವೆಲ್ಡಿಂಗ್ ಮಾಡುವವರು, ಇಂಗಾಲದ ಎಳೆಯಿಂದ ಮೈ ಕಟ್ಟುವವರು, ವೈರಿಂಗ್ ಮಾಡುವವರು, ಲೆಕ್ಕ ಹಾಕುವ ಎಂಜಿನಿಯರುಗಳು. ತಯಾರಕರ ಪ್ರಶಸ್ತಿ ಎಂಬುದು ಈ ಎಲ್ಲ ಕೈಗಳ ಪ್ರಶಸ್ತಿ. ಅಮೆರಿಕದಲ್ಲಿ 1981ರಲ್ಲಿ ವಿದ್ಯಾರ್ಥಿಗಳೇ ಪಂದ್ಯದ ಕಾರು ಕಟ್ಟಿ ಸ್ಪರ್ಧಿಸುವ ಪದ್ಧತಿ ಶುರುವಾಯಿತು. ಅದು ಜಗತ್ತಿಗೆಲ್ಲ ಹಬ್ಬಿತು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಅಶ್ವ ತಂಡ ಇಪ್ಪತ್ತು ವರ್ಷಗಳಿಗೂ ಹಿಂದಿನಿಂದ ಹೀಗೆ ಕಾರು ಕಟ್ಟುತ್ತಿದೆ. ಫಾರ್ಮುಲಾ ಭಾರತ್ ಎಂಬ ಸ್ಪರ್ಧೆ ಕೊಯಮತ್ತೂರಿನಲ್ಲಿ ನಡೆಯುತ್ತದೆ. ಅಲ್ಲಿ ಕಾರು ಓಡಿದರೆ ಸಾಲದು. ಎಷ್ಟು ಖರ್ಚಾಯಿತು, ಯಾಕೆ ಹೀಗೆ ಮಾಡಿದಿರಿ ಎಂದು ತೀರ್ಪುಗಾರರ ಮುಂದೆ ಲೆಕ್ಕವೊಪ್ಪಿಸಬೇಕು. ವರ್ತಕರ ಮಕ್ಕಳೂ ಗಿರಣಿಯವರ ಮಕ್ಕಳೂ ಒಂದೇ ತಂಡದಲ್ಲಿ ಸಲ್ಲುವಂಥ ಕೆಲಸ ಅದು.

ಮೂರನೆಯದು ನಮಗೆಲ್ಲ. ಈ ಬಾಗಿಲಿಗೆ ಕೀಲಿಕೈ ಉಪಕರಣ ಮತ್ತು ಕಲಿಸುವ ಗುರು. ನಮ್ಮ ನಾಲ್ಕು ತಾಲ್ಲೂಕುಗಳ ಐ.ಟಿ.ಐ.ಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಲೇತು ಓಡುತ್ತಿದೆಯೇ, ವಿದ್ಯುತ್ ಮೋಟಾರು ಬಿಚ್ಚಿ ಕಟ್ಟಲು ಹುಡುಗರ ಕೈಗೆ ಕೊಡುತ್ತಾರೆಯೇ, ಬೋಧಕರ ಜಾಗ ಎಷ್ಟು ಖಾಲಿ ಬಿದ್ದಿವೆ ಎಂದು ನಾವು ಹೋಗಿ ನೋಡಬೇಕು, ನೋಡಿ ಕೇಳಬೇಕು. ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾನಿಲಯದ ಒಂದು ಕೇಂದ್ರ ಮುದ್ದೇನಹಳ್ಳಿಯಲ್ಲೇ ಇದೆ. ಅದರ ಪ್ರಯೋಗಶಾಲೆಯಲ್ಲಿ ಸುತ್ತಲಿನ ಐ.ಟಿ.ಐ. ಹುಡುಗರಿಗೂ ವಾರಕ್ಕೊಂದು ದಿನ ಕೆಲಸ ಕಲಿಸಿ ಎಂದು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಸಂಘದವರು ಒಂದು ಅರ್ಜಿ ಬರೆಯಲಿ, ವರ್ತಕರು ಅದಕ್ಕೆ ಸಹಿ ಹಾಕಲಿ. ಶಿಡ್ಲಘಟ್ಟದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಬಿಸಿ ನೀರಿನಲ್ಲಿ ಬೆರಳಿನಿಂದ ಹುಡುಕಿ ಹಿಡಿಯುವ ತಾಯಂದಿರ ಮಕ್ಕಳಿಗೆ ಸೂಕ್ಷ್ಮ ಯಂತ್ರದ ಕೆಲಸ ಬಾರದೆ?

ಹುಡುಗರು ಪಂದ್ಯ ನೋಡುವಾಗ ನಾವೂ ಪಕ್ಕದಲ್ಲಿ ಕೂರೋಣ. ಗೆದ್ದವನು ಯಾರು ಎಂದು ಕೇಳಿದ ಮೇಲೆ, ಆ ಕಾರನ್ನು ಕಟ್ಟಿದವರು ಯಾರು, ಯಾವ ಊರಿನಲ್ಲಿ, ಅವರಿಗೆ ಕೆಲಸ ಕಲಿಸಿದವರು ಯಾರು ಎಂದೂ ಕೇಳುವುದನ್ನು ಅಭ್ಯಾಸ ಮಾಡಿಸೋಣ. ಅರ್ಜಿಯ ಕರಡನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಹೊರಡುವ ಮುಂಚೆ ಎಲ್ಲರೂ ಓದಿ, ಒಪ್ಪಿಗೆಯಾದರೆ ಸಹಿ ಮಾಡಿ.